ಕಾಲಿಗೆ ರಜೆ ಇಲ್ಲ, ಅಪ್ಪಯ್ಯ

ಅಪ್ಪಯ್ಯಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಪೊಂಗಲ್ ರಜೆಗೆ ನಾವೆಲ್ಲ ಮಹಾಬಲಿಪುರಂ ದಾರಿಯಲ್ಲಿ, ಸಮುದ್ರದ ಪಕ್ಕ ಒಂದು ಮನೆ ಬಾಡಿಗೆಗೆ ಹಿಡಿದು ಇದ್ದು ಬಂದೆವು. ಅಲ್ಲಿ ಅಣ್ಣ ನಿಮ್ಮ ಹೆಸರು ಎತ್ತಿದ. "ಅಪ್ಪಯ್ಯ ಇದ್ದಿದ್ರೆ ಅಮ್ಮನಿಗೆ ಹೀಗೆ ಹಿಂಸೆ ಕೊಡ್ಲಿಕ್ಕೆ ಬಿಡ್ತಿದ್ರಾ?" ಎಂದು ಎಲ್ಲರೆದುರು ನನ್ನನ್ನು ಕೇಳಿದ. ನಾನು ಬಾಯಿ ಮುಚ್ಚಿಕೊಂಡೆ. ತೀರಿಹೋದವರನ್ನು ಸಾಕ್ಷಿಗೆ ಕರೆದರೆ ಇರುವವರು ಏನೆಂದು ವಾದ ಮಾಡುವುದು? ಆದರೆ ಆ ಪ್ರಶ್ನೆ ಇನ್ನೂ ಗಂಟಲಲ್ಲೇ ಕೂತಿದೆ. ಅವನಿಗೆ ಉತ್ತರ ಹೇಳಿ ಪ್ರಯೋಜನವಿಲ್ಲ. ನಿಮಗೇ ಹೇಳುತ್ತೇನೆ. ಕೇಳಿ.

ಟಿ. ನಗರದ ಹೋಟೆಲಿನಲ್ಲಿ ನೀವು ಮೇಜುಗಳ ನಡುವೆ ನಿಂತಿರುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕುಂದಾಪುರದಿಂದ ಚೆನ್ನೈಗೆ ಬಂದು ಸಪ್ಲೈಯರ್ ಆಗಿ ಸೇರಿದವರು, ಸೂಪರ್‌ವೈಸರ್ ಆದ ಮೇಲೂ ಕೂತದ್ದನ್ನು ನಾನು ನೋಡಲಿಲ್ಲ. ಬೆಳಗಿನ ಇಡ್ಲಿಯ ಗಿರಾಕಿಯಿಂದ ಹಿಡಿದು ಕೊನೆಯ ಕಾಫಿಯವರೆಗೆ ನಿಂತೇ ಇದ್ದಿರಿ. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಕೆಂಪಗೆ ಊರಿಕೊಂಡಿರುತ್ತಿತ್ತು. ಹಾಗಾಗಿ ರಜೆ ಸಿಕ್ಕಿದ ದಿನ ನೀವು ಚಾಪೆ ಹಾಸಿ ಮಲಗಿದರೆ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ನಾನು ತಾರಸಿಯ ಮೇಲೆ ಹಗ್ಗ ಹಾರುತ್ತಿದ್ದರೆ ಕೆಳಗಿನಿಂದಲೇ ಕೂಗುತ್ತಿದ್ದಿರಿ: "ರಜೆ ಅಂದ್ರೆ ಕಾಲಿಗೂ ರಜೆ ಮಗಾ! ಸುಮ್ನೆ ಕೂಕೊ!" ನಿಮ್ಮ ಪಾಲಿಗೆ ಆ ಮಾತು ಸರಿಯೇ. ಅಷ್ಟು ನಿಂತವರಿಗೆ ಮಲಗುವ ಹಕ್ಕು ಇದೆ. ಅದನ್ನು ನಾನು ಯಾವತ್ತೂ ಅಲ್ಲಗಳೆಯುವುದಿಲ್ಲ. ಆದರೆ ಅದನ್ನೇ ಮನೆಯ ಕಾನೂನು ಮಾಡಿ ಹೋದಿರಲ್ಲ, ಜಗಳ ಇರುವುದು ಅಲ್ಲಿ.

ನಿಮ್ಮ ಎದೆನೋವಿನ ನಂತರ ನಾವಿಬ್ಬರೂ ಪಾರ್ಕಿಗೆ ಹೋಗಲು ಶುರುಮಾಡಿದ ಬೆಳಗ್ಗೆ ನೆನಪಿದೆಯೇ? ಆಸ್ಪತ್ರೆಯವರು ನಡೆಯಲೇಬೇಕು ಎಂದಿದ್ದರು. ನೀವು ಬಿಳಿ ಪಂಚೆಯ ಕೆಳಗೆ ಹೊಸ ಶೂ ಹಾಕಿಕೊಂಡು, ಯಾರಾದರೂ ಹೋಟೆಲಿನವರು ನೋಡಿಯಾರು ಎಂದು ಗೋಡೆಯ ಬದಿಗೇ ನಡೆದಿರಿ. ವಾರ ಕಳೆಯುವಷ್ಟರಲ್ಲಿ ಮುಜುಗರ ಹೋಯಿತು. ಪಾರ್ಕಿನ ಮುದುಕರೆಲ್ಲ ನಿಮಗೆ ಸ್ನೇಹಿತರಾದರು. "ವಾಂಗೋ ಉಡುಪಿ ಸಾರ್" ಎಂದು ಸ್ವಾಗತಿಸುತ್ತಿದ್ದರು. ಕುಂದಾಪುರ ಬೇರೆ, ಉಡುಪಿ ಬೇರೆ ಎಂದು ನೀವು ದಿನಾ ತಿದ್ದುತ್ತಿದ್ದಿರಿ, ಅವರು ದಿನಾ ಹಾಗೇ ಕರೆಯುತ್ತಿದ್ದರು. ನಾನು ಎಗ್ಮೋರಿನ ಆಫೀಸಿಗೆ ಹೊರಡುವ ಮೊದಲು ನಿಮ್ಮ ಜೊತೆ ಒಂದಷ್ಟು ಸುತ್ತು ನಡೆದು, ಬಾಗಿಲಲ್ಲಿ ಮಾರುತ್ತಿದ್ದ ಮಜ್ಜಿಗೆ ಕುಡಿದು ಬರುತ್ತಿದ್ದೆ. ಮೆಟ್ಟಿಲು ಹತ್ತುವಾಗ ನಿಮಗೆ ಏದುಸಿರು ಬರುವುದು ಕಡಿಮೆಯಾಗಿತ್ತು. ನನ್ನ ಬದುಕಿನಲ್ಲಿ ನೀವು ನನ್ನೊಬ್ಬಳಿಗೇ ಸಿಕ್ಕ ಕಾಲ ಅದು. ಅದಕ್ಕೇ ಇರಬೇಕು, ಇಷ್ಟು ಸಿಟ್ಟು...

ಊರಿನ ಮದುವೆಗೆಂದು ನೀವು ಬ್ಯಾಗು ಕಟ್ಟುತ್ತಿದ್ದಾಗ ನಾನು ಶೂ ತಂದು ಪಕ್ಕದಲ್ಲಿಟ್ಟೆ. ನೀವು ಅದನ್ನು ಕಾಲಿನಿಂದಲೇ ಮಂಚದ ಅಡಿಗೆ ತಳ್ಳಿದಿರಿ. "ಒಂದ್ ತಿಂಗ್ಳ್ ಊರಂಗೆ ಇಪ್ಪುದ್. ರಜೆಗೆ ಹೋಪುದಾ, ಡ್ಯೂಟಿಗೆ ಹೋಪುದಾ?" ಎಂದು ನಕ್ಕಿರಿ. ಅಲ್ಲಿಂದ ಫೋನಿನಲ್ಲಿ ನಾನು ನಡೆದಿರಾ ಎಂದು ಕೇಳಿದಾಗಲೆಲ್ಲ ಜಗಲಿಯಲ್ಲಿ ಮಲಗಿದ ಸುಖವನ್ನು ವರ್ಣಿಸುತ್ತಿದ್ದಿರಿ. ವಾಪಸು ಬಂದ ಮೇಲೆ ನಾಳೆಯಿಂದ ಎಂದಿರಿ. ದೀಪಾವಳಿ ಆಗಲಿ ಎಂದಿರಿ. ಮಳೆ ನಿಲ್ಲಲಿ ಎಂದಿರಿ. ಪಾರ್ಕಿನವರು ನನ್ನನ್ನು ಕಂಡಾಗ "ಉಡುಪಿ ಸಾರ್ ಎಂಗೆ?", ಎಲ್ಲಿ ಎಂದು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೂ ಬಿಟ್ಟರು. ಅದರ ಮುಂದಿನ ಬೇಸಿಗೆಯಲ್ಲಿ ನೀವು ಹೋಗಿಬಿಟ್ಟಿರಿ. ನಡಿಗೆ ಬಿಟ್ಟದ್ದಕ್ಕೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಹೇಳುವುದಿಲ್ಲ. ಹೃದಯದ ಲೆಕ್ಕ ನನಗೇನು ಗೊತ್ತು? ಆದರೆ ಆ ಒಂದು ತಿಂಗಳ ರಜೆ ಮುಗಿಯಲೇ ಇಲ್ಲ ಎನ್ನುವುದು ಮಾತ್ರ ನನಗೆ ಗೊತ್ತು.

ಹೋದ ನವರಾತ್ರಿಗೆ ಮೊದಲು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು ಒಳಗೆ ಕುಕ್ಕರಿನ ಸೀಟಿಗೆ ಕಾಯುತ್ತಿದ್ದೆ. "ವಾಣೀ" ಎಂದು ಒಂದೇ ಸಲ ಕರೆದಳು, ಬಹಳ ಮೆಲ್ಲಗೆ. ಅವಳು ಅಷ್ಟು ಮೆಲ್ಲಗೆ ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕಿದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸೆಲ್ವಿ ಎಂಬ ಹುಡುಗಿ ವ್ಯಾಯಾಮ ಮಾಡಿಸಲು ಬರತೊಡಗಿದಳು. ಫಿಸಿಯೋಥೆರಪಿ ಓದಿದವಳು. ಸ್ಕೂಟರಿನಲ್ಲಿ ಬರುತ್ತಾಳೆ, ಜೋರು ಮಾತು, ಅಮ್ಮನಿಗೆ ಹೆದರುವುದಿಲ್ಲ. ಅಮ್ಮನಿಗೆ ಹೆದರದವರನ್ನು ಅಮ್ಮ ಇಷ್ಟಪಡುತ್ತಾಳೆ, ನಿಮಗೆ ಗೊತ್ತಲ್ಲ. ಮೊದಮೊದಲು ಕಾಲು ಎತ್ತುವಾಗ ಅಮ್ಮ ಅತ್ತಳು. ಆಮೇಲೆ ಬೈದಳು. ಆಮೇಲೆ ಸೆಲ್ವಿ ಬರುವ ಮೊದಲೇ ಶುರುಮಾಡಿ, ಅವಳು ಬಂದಾಗ "ಮುಡಿಂಜಾಚ್", ಮುಗಿಯಿತು ಎಂದು ಗತ್ತಿನಿಂದ ಕಾಫಿಗೆ ಕೂರತೊಡಗಿದಳು. ಪೊಂಗಲ್ ಹೊತ್ತಿಗೆ ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟಾಗಿತ್ತು. ರಜೆಗೆ ಹೊರಡುತ್ತೇವೆ ಎಂದಾಗ ಸೆಲ್ವಿ ಬೆರಳು ತೋರಿಸಿದಳು: "ಲೀವ್ ಉಂಗಳುಕ್ಕುತ್ತಾನ್ ಪಾಟ್ಟಿ, ಕಾಲುಕ್ಕು ಇಲ್ಲೆ." ರಜೆ ನಿಮಗೆ ಮಾತ್ರ ಅಜ್ಜಿ, ಕಾಲಿಗಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡೆ. ನಿಮಗೆ ಯಾರೋ ನೇರ ಎದುರುತ್ತರ ಕೊಟ್ಟಂತೆ ಅನಿಸಿತು.

ಆ ಮನೆಗೆ ಕಾರಿನಲ್ಲಿ ತಲುಪಿದ ಕೂಡಲೇ ಅಣ್ಣ ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿದ. ಬಾಡಿಗೆಗೆ ತಂದಿದ್ದ, ನನಗೆ ಹೇಳಿರಲಿಲ್ಲ. ಅವನು ಕೆಟ್ಟವನಲ್ಲ ಅಪ್ಪಯ್ಯ. ಬ್ಯಾಂಕಿನಲ್ಲಿ ಮೂರು ಊರಿಗೆ ವರ್ಗವಾಗಿ ಸುಸ್ತಾಗಿದ್ದಾನೆ, ಸಿಕ್ಕ ರಜೆಯಲ್ಲಿ ಅಮ್ಮನನ್ನು ರಾಣಿಯಂತೆ ಕೂರಿಸಬೇಕು ಎಂಬ ಆಸೆ. ಕೂರಿಸಿದ. ವರಾಂಡದಲ್ಲಿ, ಸಮುದ್ರಕ್ಕೆ ಮುಖಮಾಡಿ, ಕಾಲಿನ ಕೆಳಗೆ ದಿಂಬು ಇಟ್ಟು. ಎಳನೀರು ಅಲ್ಲಿಗೇ ಬಂತು, ಸಕ್ಕರೆ ಪೊಂಗಲ್ ಅಲ್ಲಿಗೇ ಬಂತು. ನಾನು ವ್ಯಾಯಾಮ ಎಂದರೆ "ಇವತ್ತೊಂದು ದಿನ ಬಿಡು ಮಾರಾಯ್ತಿ" ಎಂದ. ಹಬ್ಬವಲ್ಲವೇ, ಬಿಟ್ಟೆ. ಮಾರನೆಯ ಬೆಳಗ್ಗೆ ಅಮ್ಮನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲು ಮರದ ತುಂಡಿನಂತೆ ಬಿಗಿದುಕೊಂಡಿತ್ತು. ನಾನು ಒಂದು ಕಡೆ, ಅತ್ತಿಗೆ ಒಂದು ಕಡೆ ಹಿಡಿದು ಎಬ್ಬಿಸಬೇಕಾಯಿತು. ಅಮ್ಮ ನನ್ನ ಮುಖವನ್ನೇ ನೋಡಿದಳು. "ನಾಳೆಯಿಂದ ಮಾಡ್ವಾ ಅಲ್ದಾ?" ಎಂದಳು. ಅದು ನಿಮ್ಮದೇ 'ನಾಳೆಯಿಂದ', ಅಪ್ಪಯ್ಯ.

ತಿಂಡಿಯ ಮೇಜಿನಲ್ಲಿ ಜಗಳವಾಯಿತು. ಇವತ್ತಿನಿಂದಲೇ ಕಾಲು ಎತ್ತಿಸುತ್ತೇನೆ, ನಡೆಸುತ್ತೇನೆ ಎಂದೆ. ಅಣ್ಣ ತಟ್ಟೆ ದೂಡಿದ. "ಏಳ್ಲಿಕ್ಕೇ ಆಗೋದಿಲ್ಲ, ಇನ್ನು ನಡೆಸ್ತಾಳಂತೆ! ಇದು ರಜೆನಾ, ಆಸ್ಪತ್ರೆನಾ? ನಿಂಗೆ ಯಾರನ್ನಾದ್ರೂ ಓಡಿಸ್ತಾ ಇರ್ಬೇಕು, ಅಷ್ಟೇ. ಅಪ್ಪಯ್ಯ ಇದ್ದಿದ್ರೆ ಅಮ್ಮನಿಗೆ ಹೀಗೆ ಹಿಂಸೆ ಕೊಡ್ಲಿಕ್ಕೆ ಬಿಡ್ತಿದ್ರಾ?" ಅವನ ಮಗಳು ದಿಯಾ ಫೋನಿನಿಂದ ತಲೆ ಎತ್ತಿದಳು. ಆಗ ಅಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು.

"ಇದ್ ನನ್ನ ಕಾಲಿನ ಸುದ್ದಿ ಅಲ್ದಾ? ನನ್ನ ಹತ್ರ ಒಂದ್ ಮಾತ್ ಕೇಂಬುಕೆ ಆಯಿಲ್ಯಾ ನಿಮ್ಗೆ?"

ಅವಳು ಅಣ್ಣನ ಕಡೆ ತಿರುಗಿದಳು.

"ಸುಧಾಕರಾ, ನಿನ್ನ ಅಪ್ಪಯ್ಯ ರಜೆ ಅಂತ ಮಲಗ್ತಿದ್ರಲೆ, ಆಗ ನಾನ್ ಎಲ್ಲಿದ್ದೆ, ಹೇಳ್ ಕಾಂಬ."

"ಎಲ್ಲಿ ಅಂದ್ರೆ... ನೀನು ಮನೆಯಲ್ಲೇ ಇದ್ದೆ."

"ಅಡುಗೆಮನಿಯಂಗೆ. ಊರಿಗೆ ಹೋದ್ರೂ ಅಡುಗೆಮನಿಯಂಗೆ. ಅವ್ರಿಗೆ ರಜೆ ಅಂದ್ರೆ ನಂಗೆ ಡಬಲ್ ಡ್ಯೂಟಿ. ಮಲಗಿದಲ್ಲಿಗೇ ಕಾಫಿ ಕೊಡ್ಕ್, ಬಂದವ್ರಿಗೆಲ್ಲ ದೋಸೆ ಹೊಯ್ಕ್. ನನ್ನ ಜನ್ಮದಂಗೆ ರಜೆ ಅಂತ ಒಂದ್ ಸಿಕ್ಕಿದ್ ಇದೇ ಸುರು. ಇದನ್ನೂ ಕುರ್ಚಿಯಂಗೆ ಕೂಕಂಡ್ ಕಳೀಕಾ?" ಅವಳು ಕಿಟಕಿಯ ಕಡೆ ಕೈ ಮಾಡಿದಳು. "ಕಡ್ಲ್ ಅಲ್ಲೇ ಇತ್ತ್. ನಂಗೆ ಅಲ್ಲಿಗೆ ಹೋಯ್ಕ್. ನಡ್ಕಂಡೇ ಹೋಯ್ಕ್."

ಇದು ನಿಮಗೆ ಗೊತ್ತಿತ್ತೇ ಅಪ್ಪಯ್ಯ? ನನಗೆ ಗೊತ್ತಿರಲಿಲ್ಲ. ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದು, ನಿಮ್ಮ ನಿಂತ ಕಾಲುಗಳನ್ನು ನೋಡಿದ ನಾನು ಅವಳ ನಿಂತ ಕಾಲುಗಳನ್ನು ನೋಡಲೇ ಇಲ್ಲವಲ್ಲ. ನೀವು ನೋಡಿದ್ದಿರಾ?

ಅವತ್ತೇ ಶುರುವಾಯಿತು. ಮನೆಯಲ್ಲಿ ಸೆಲ್ವಿಯ ಸಾಮಾನುಗಳಿದ್ದವು, ಅಲ್ಲಿ ಏನೂ ಇರಲಿಲ್ಲ. ಕಾಲಿಗೆ ಕಟ್ಟುವ ತೂಕಕ್ಕೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ದಿಯಾ ಹೇಳಿದಳು, "ಅತ್ತೆ, ಇವ್ಳೋ ಮಣಲ್ ಇರುಕ್ಕು, ಸ್ಯಾಂಡ್ ಬ್ಯಾಗ್ ಪಣ್ಣಲಾಮೇ!" ತನ್ನ ಕಾಲುಚೀಲದಲ್ಲಿ ಬೀಚಿನ ಮರಳು ತುಂಬಿಸಿ, ಬಾಯಿಗೆ ಗಂಟು ಹಾಕಿ ತಂದಳು. ಒಂದು ನಿಂಬೆ ಹಳದಿ, ಒಂದರ ಮೇಲೆ ಬಾತುಕೋಳಿ ಚಿತ್ರ. ಅಮ್ಮ ಅದನ್ನು ಕಟ್ಟಿಕೊಂಡು ವರಾಂಡದ ಕುರ್ಚಿಯಲ್ಲೇ ಕಾಲು ಎತ್ತಿ ಇಳಿಸಿದಳು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿದಳು. ವರಾಂಡದ ಮೂರು ಮೆಟ್ಟಿಲನ್ನು ಹತ್ತಿ ಇಳಿದು, ಇಳಿದು ಹತ್ತಿದಳು. ದಿಯಾ ಫೋನಿನಲ್ಲಿ ಹಾಡು ಹಾಕಿ ಅಜ್ಜಿಯ ಎದುರು ನಿಂತು ತಾನೂ ಮಾಡಿದಳು. ಅಮ್ಮ ಕನ್ನಡದಲ್ಲಿ ಬೈಯುವುದು, ಅವಳು ತಮಿಳಿನಲ್ಲಿ ನಗುವುದು. ಸಂಜೆ ಗಾಳಿಮರಗಳ ನಡುವಿನ ಸಿಮೆಂಟು ದಾರಿಯಲ್ಲಿ ವಾಕರ್ ಹಿಡಿದು ಗೇಟಿನವರೆಗೆ ನಡೆದೆವು. ಅಣ್ಣ ಮೊಗಸಾಲೆಯಲ್ಲಿ ಟಿವಿಯ ಸದ್ದು ಜೋರು ಮಾಡಿಕೊಂಡು ಕೂತಿದ್ದ. ನಾನೂ ರಜೆಯಲ್ಲಿದ್ದೆ ಅಲ್ಲವೇ? ಅಮ್ಮ ಮಧ್ಯಾಹ್ನ ಮಲಗಿದಾಗ ನಾನು ಹಗ್ಗ ಒಂದು ಹುಡುಕಿ, ಅಂಗಳದಲ್ಲಿ ನಿಂತು ಹಾರಿದೆ. ಈ ವಯಸ್ಸಿನಲ್ಲಿ. ಏದುಸಿರು ಬಂತು, ಮಂಡಿ ಚುರುಕ್ ಎಂದಿತು. ಆದರೂ ಹಾರಿದೆ. ಸುಮ್ನೆ ಕೂಕೊ ಎಂದು ಯಾರೂ ಕೂಗಲಿಲ್ಲ.

ಹೊರಡುವ ಹಿಂದಿನ ದಿನ ಬೆಳಗ್ಗೆ ಅಮ್ಮ ಸಮುದ್ರಕ್ಕೆ ಹೊರಟಳು. ಸಿಮೆಂಟು ದಾರಿ ಮುಗಿದು ಮರಳು ಸಿಕ್ಕಿದ ಕೂಡಲೇ ವಾಕರಿನ ಕಾಲುಗಳು ಹುಗಿದುಕೊಂಡವು. ಎಳೆದರೆ ಇನ್ನೂ ಹುಗಿಯಿತು. ಅಮ್ಮ ಅದನ್ನು ಒಂದು ಕ್ಷಣ ನೋಡಿ, ಕೈ ಬಿಟ್ಟು ನನ್ನ ತೋಳು ಹಿಡಿದಳು. ಇನ್ನೊಂದು ಕಡೆ ದಿಯಾ. ಸತ್ಯ ಹೇಳಲೇ? ನನಗೆ ಹೆದರಿಕೆಯಾಗಿತ್ತು. ಇವಳು ಬಿದ್ದರೆ, ಮತ್ತೆ ಮುರಿದರೆ, ಅಣ್ಣನಿಗೆ ನಾನೇನು ಹೇಳಲಿ? ನಿಮಗೆ ಏನು ಹೇಳಲಿ? ಅರ್ಧ ದಾರಿಯಲ್ಲಿ ಎಳೆದು ನಿಲ್ಲಿಸಿದ್ದ ದೋಣಿಯ ಅಂಚಿಗೆ ಒರಗಿ ಸುಧಾರಿಸಿಕೊಂಡೆವು. ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು "ಎಂಗೆಮ್ಮಾ ಪೋರೀಂಗ?", ಎಲ್ಲಿಗಮ್ಮಾ ಹೊರಟಿರಿ ಎಂದು ಕೇಳಿದಳು. ಅಮ್ಮ ಎದುರಿಗೆ ತೋರಿಸಿ, "ಕಡಲುಕ್ಕು" ಎಂದಳು, ತವರಿಗೆ ಹೋಗುತ್ತೇನೆ ಎನ್ನುವವರ ದನಿಯಲ್ಲಿ.

ಒದ್ದೆ ಮರಳು ಗಟ್ಟಿ. ಅಲ್ಲಿ ಕಾಲು ಸಲೀಸಾಯಿತು. ಮೊದಲ ಅಲೆ ಪಾದ ಮುಟ್ಟಿದಾಗ ಅಮ್ಮ ಬೆರಳುಗಳನ್ನು ಅಗಲಿಸಿ ನಿಂತಳು. ಸೀರೆ ಮಂಡಿಯವರೆಗೆ ಒದ್ದೆಯಾಯಿತು. ಕಡಲಿನ ಊರಿನಲ್ಲೇ ಹುಟ್ಟಿದವಳು, ಚೆನ್ನೈಗೆ ಬಂದು ಇಷ್ಟು ಕಾಲವಾಗಿದೆ, ಮರೀನಾಕ್ಕೆ ನಾವು ಎಷ್ಟು ಸಲ ಹೋಗಿಲ್ಲ? ಪ್ರತಿಸಲವೂ ಅವಳು ನಮ್ಮ ಚಪ್ಪಲಿಗಳನ್ನೂ ತಿಂಡಿಯ ಡಬ್ಬಿಯನ್ನೂ ಕಾಯುತ್ತಾ ಮರಳಿನ ಮೇಲೆ ಕೂತಿರುತ್ತಿದ್ದಳು. ಈಗ ಅಲೆಯೊಳಗೆ ನಿಂತು, ನಮ್ಮ ಕೈಗಳನ್ನು ಹಿಡಿದು, ಸೆಲ್ವಿ ಹೇಳಿಕೊಟ್ಟ ಹಾಗೆ ಕಾಲು ಎತ್ತಿ ಇಳಿಸಿದಳು. "ನೀರಂಗೆ ಭಾರವೇ ಇಲ್ಲೆ ಕಾಣ್!" ಎಂದು ಕಣ್ಣರಳಿಸಿದಳು. ಮತ್ತೆ ಎತ್ತಿದಳು. ಆಗಲೇ ದೊಡ್ಡ ಅಲೆಯೊಂದು ಹಿಂದೆ ಸರಿಯುತ್ತಾ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಅಮ್ಮ ನಮ್ಮಿಬ್ಬರ ಕೈಯಲ್ಲಿ ಜೋತು, ಮೆಲ್ಲಗೆ ಕುಸಿದು ಕೂತೇಬಿಟ್ಟಳು.

ಹಿಂದಿನಿಂದ ಅಣ್ಣನ ಕೂಗು ಕೇಳಿತು. ನಮ್ಮನ್ನು ಗೇಟಿನಿಂದಲೇ ನೋಡುತ್ತಿದ್ದನಂತೆ. ಗಾಲಿಕುರ್ಚಿ ದೂಡಿಕೊಂಡು ಬಂದು, ಅದು ಮರಳಿನಲ್ಲಿ ಸಿಕ್ಕಿಕೊಂಡಾಗ ಬಿಟ್ಟು ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. "ಹೇಳ್ದೆ ಅಲ್ವಾ? ಹೇಳ್ದೆ ಅಲ್ವಾ ನಾನು?" ಎನ್ನುತ್ತಾ ಅಮ್ಮನ ಕಂಕುಳಿಗೆ ಕೈ ಹಾಕಿದ. ಅಮ್ಮ ನಗುತ್ತಿದ್ದಳು ಅಪ್ಪಯ್ಯ. ಸೊಂಟದವರೆಗೆ ನೀರಿನಲ್ಲಿ ಕೂತು, ಹಲ್ಲು ಕಾಣುವಷ್ಟು.

"ಎತ್ತುದ್ ಬ್ಯಾಡ. ಬಿಡ್. ನಾನೇ ಏಳ್ತೆ."

"ಅಮ್ಮಾ, ತಮಾಷೆ ಅಲ್ಲ ಇದು."

"ಬಿಡ್ ಅಂದೆ."

ಅವನು ಕೈ ತೆಗೆದ. ನೆಲದಿಂದ ಏಳುವುದನ್ನು ಸೆಲ್ವಿ ಚಾಪೆಯ ಮೇಲೆ ಮಾಡಿಸಿದ್ದಳು, ಪ್ರತಿದಿನ, ಅಮ್ಮ ಶಪಿಸುತ್ತಿದ್ದರೂ. ಅಮ್ಮ ಒಳ್ಳೆಯ ಕಾಲಿನ ಕಡೆಗೆ ಹೊರಳಿದಳು. ಮಂಡಿ ಊರಿದಳು. ಬಗ್ಗಿ ನಿಂತ ನನ್ನ ಭುಜದ ಮೇಲೆ ಕೈಯಿಟ್ಟಳು. ಅವಳ ಇಡೀ ಭಾರ ಆ ಅಂಗೈಯಲ್ಲಿ ನನಗೆ ತಿಳಿಯಿತು. ಒಂದು ಅಲೆ ಬಂದು ಹೋಗುವುದನ್ನು ಕಾದು, ಉಸಿರು ಕಟ್ಟಿ, ಎದ್ದು ನಿಂತಳು. ದೋಣಿಯ ಹತ್ತಿರದ ಹೆಂಗಸು ಅಲ್ಲಿಂದಲೇ ಚಪ್ಪಾಳೆ ತಟ್ಟಿದಳು. ನಾನು ಅತ್ತೆ. ಅಣ್ಣ ಮುಖ ತಿರುಗಿಸಿ ಸಮುದ್ರ ನೋಡಿದ.

ಅವನು ಬದಲಾದ ಎಂದು ಬರೆದರೆ ನಿಮಗೆ ಸಂತೋಷವಾಗಬಹುದು. ಆಗಲಿಲ್ಲ. ವಾಪಸು ಬರುವಾಗ ಶೋಳಿಂಗನಲ್ಲೂರಿನ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡಾಗಲೂ ನನ್ನ ಜೊತೆ ಒಂದು ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ, "ಏನಾದ್ರೂ ಆಗಿದ್ರೆ ನಿನ್ನನ್ನ ನಾನು ಕ್ಷಮಿಸ್ತಾ ಇರ್ಲಿಲ್ಲ" ಎಂದು ಹೇಳಿ ಹೋದ. ಆ ಸಿಟ್ಟಿನೊಳಗೆ ಇದ್ದದ್ದು ಹೆದರಿಕೆ ಎಂದು ನನಗೆ ಅರ್ಥವಾಗುತ್ತದೆ. ನಿಮ್ಮನ್ನು ಕಳೆದುಕೊಂಡದ್ದು ನಾನೊಬ್ಬಳೇ ಅಲ್ಲವಲ್ಲ. ಆದರೆ ಅವನ ಹೆದರಿಕೆಗೆಂದು ಅಮ್ಮನನ್ನು ಕುರ್ಚಿಯಲ್ಲಿ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ನೀವೇ ಎದ್ದು ಬಂದು ಹೇಳಿದರೂ ಒಪ್ಪುವುದಿಲ್ಲ. ಈಗ ಅವನ ಪ್ರಶ್ನೆಗೆ ಉತ್ತರ: ಹೌದು, ನೀವಿದ್ದಿದ್ದರೆ ಬಿಡುತ್ತಿರಲಿಲ್ಲ. ನಾವು ನಿಮ್ಮ ಮಾತು ಮೀರುತ್ತಿದ್ದೆವು, ಅಷ್ಟೇ. ಬಹುಶಃ ನಿಮ್ಮನ್ನೂ ಎಳೆದುಕೊಂಡು ಹೋಗುತ್ತಿದ್ದೆವು... ಹೋಗಲಿ ಬಿಡಿ.

ನಿಮಗೆ ತಿಳಿಯದ ಒಂದು ಸುದ್ದಿ ಇದೆ, ಅದನ್ನು ಹೇಳಿ ಮುಗಿಸುತ್ತೇನೆ. ನೀರಿನಲ್ಲಿ ಕಾಲು ಹಗುರವಾದದ್ದನ್ನು ಅಮ್ಮ ಸೆಲ್ವಿಗೆ ಹೇಳಿದಳು. ಅದಕ್ಕೆಂದೇ ಬೆಚ್ಚಗಿನ ನೀರಿನ ಕೊಳ ಇದೆ, ಹೆಂಗಸರಿಗೆ ಬೇರೆ ಹೊತ್ತು ಇದೆ ಎಂದು ಅವಳು ಹೇಳಿದ್ದೇ ತಡ, ಡಾಕ್ಟರನ್ನು ಕೇಳಿ ಒಪ್ಪಿಗೆ ಪಡೆಯುವವರೆಗೆ ಅಮ್ಮ ನನ್ನನ್ನು ಬಿಡಲಿಲ್ಲ. ಮೊನ್ನೆ ಭಾನುವಾರ ಈಜುಡುಗೆ ಕೊಳ್ಳಲು ದಿಯಾಳನ್ನೂ ಕರೆದುಕೊಂಡು ಟಿ. ನಗರಕ್ಕೆ ಹೋದೆವು. ಆಟೋದಿಂದ ಇಳಿದು, ಕೋಲು ಹಿಡಿದು, ಆ ಜನಜಂಗುಳಿಯಲ್ಲಿ ಅಮ್ಮನೇ ನಡೆದಳು. ಅಂಗಡಿಯ ಹುಡುಗಿ ದಿಯಾಳ ಅಳತೆಗೆ ಒಂದೊಂದೇ ತೆಗೆದು ಮೇಜಿನ ಮೇಲೆ ಹರಡಿದಳು. ಅಮ್ಮ ಕೋಲಿನಿಂದ ಅವನ್ನು ಬದಿಗೆ ಸರಿಸಿ, "ಅವಳುಕ್ಕಿಲ್ಲೆಮ್ಮಾ. ಎನಕ್ಕು" ಎಂದಳು. ಅವಳಿಗಲ್ಲಮ್ಮಾ, ನನಗೆ. ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

ಕಡುನೀಲಿ ಬಣ್ಣದ್ದು, ಉದ್ದ ತೋಳು, ಮಂಡಿಯ ಕೆಳಗಿನವರೆಗೆ. ಹಾಕಿಕೊಳ್ಳಲು ದಿಯಾ ಸಹಾಯಕ್ಕೆ ಒಳಗೆ ಹೋದಳು. ಪರದೆ ಸರಿಸಿ ಅಮ್ಮ ಹೊರಗೆ ಬಂದಾಗ ಅಂಗಡಿಯಲ್ಲಿ ಹಬ್ಬದ ಸಂತೆಯಷ್ಟು ಜನ. ಮದುವೆಯಾದಂದಿನಿಂದ ಸೀರೆ ಬಿಟ್ಟು ಬೇರೆ ಉಟ್ಟು ಹೊರಗೆ ನಿಲ್ಲದವಳು, ಅಷ್ಟು ಜನರ ನಡುವೆ, ಕನ್ನಡಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತಳು. "ಹ್ಯಾಂಗಿತ್ತ್?" ಎಂದು ಕೇಳಿದಳು.

ಚೆಂದ ಕಾಣುತ್ತಿದ್ದಳು ಅಪ್ಪಯ್ಯ. ನೀವು ನೋಡಬೇಕಿತ್ತು. ಬುಧವಾರದಿಂದ ನೀರಿಗೆ ಇಳಿಯುತ್ತಾಳೆ.

ನಿಮ್ಮ ಮಾತು ಕೇಳದ ಮಗಳು,
ವಾಣಿ